ಇಪ್ಪತ್ತನಾಲ್ಕು ಮೊಳೆಗಳ ಹಲಗೆ

ಮಾರ್ಚ್ ೯
ದೋಣಿಕಟ್ಟೆ, ಟಿಕೆಟ್ ಕೋಣೆಯ ಹಿಂದಿನ ಮನೆ

ಮೇಡಂ ಅವರಿಗೆ ನಮಸ್ಕಾರ.

ಮೂರು ಗಂಟೆ ಹತ್ತು ನಿಮಿಷಕ್ಕೆ ಎಚ್ಚರವಾಯಿತು. ಎಬ್ಬಿಸಿದ್ದು ಮಗುವಲ್ಲ, ದೋಣಿ. ಕಟ್ಟಿಹಾಕಿದ ದೋಣಿ ಗಾಳಿಗೆ ಕಂಬಕ್ಕೆ ತಾಗಿದರೆ ಒಣಗಿದ ಕುಂಬಳಕಾಯಿಯನ್ನು ಬೆರಳಿನಿಂದ ತಟ್ಟಿದಂಥ ಸದ್ದು ಬರುತ್ತದೆ. ಮೂರು ವಾರದಿಂದ ಅದು ಅಲ್ಲೇ ಕಟ್ಟಿದೆ. ಹೇಗೂ ಎದ್ದಾಯಿತು, ನಿಮ್ಮ ಕಾಗದಕ್ಕೆ ಉತ್ತರ ಬರೆಯೋಣವೆಂದು ಕುಳಿತೆ.

‘ಕರಪತ್ರ ಬರೆದವರಿಗೆ’ ಎಂದು ನೀವು ವಿಳಾಸ ಹಾಕಿದ್ದಿರಿ. ಬರೆದವಳು ನಾನೇ. ಓದಿದ್ದು ಇತಿಹಾಸ, ಕೆಲಸ ಟಿಕೆಟ್ ಹರಿಯುವುದು, ನಡುವೆ ಬಿಡುವಿದ್ದಾಗ ‘ಇಲ್ಲಿ ನೋಡತಕ್ಕ ಸ್ಥಳಗಳು’ ಎಂಬ ಆ ನಾಲ್ಕು ಪುಟ ಬರೆದುಕೊಟ್ಟೆ. ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಆ ದೋಣಿ ನಡೆಸುತ್ತಿದ್ದವರ ಹೆಂಡತಿ. ಮುಂದೆ ಓದಬೇಕೋ ಹರಿದುಹಾಕಬೇಕೋ ನಿಮ್ಮಿಷ್ಟ.

ನಿಮ್ಮ ತಂದೆಯವರ ಚೀಲದಲ್ಲಿ ಸಿಕ್ಕ ಕರಪತ್ರದಲ್ಲಿ ನಾಲ್ಕು ಜಾಗಗಳಿಗೆ ಪೆನ್ಸಿಲಿನ ಗುರುತಿದೆ, ಐದನೆಯದಕ್ಕೆ ಇಲ್ಲ, ಆ ನಾಲ್ಕರಲ್ಲಿ ಅವರು ಏನೇನು ನೋಡಿದರು ಎಂದು ಕೇಳಿದ್ದೀರಿ. ಗೊತ್ತಿರುವಷ್ಟನ್ನು ಬರೆಯುತ್ತೇನೆ. (ಮೊದಲು ‘ಗೊತ್ತಿರುವುದನ್ನೆಲ್ಲ’ ಎಂದು ಬರೆದಿದ್ದೆ. ಹೊಡೆದುಹಾಕಿದ ಗೀಟು ಕಾಣುತ್ತದೆ, ಕ್ಷಮಿಸಿ.)

ಅವರು ಇಲ್ಲಿ ಮೂರು ದಿನ ಇದ್ದರು. ಮೊದಲನೆಯ ದಿನ ನೋಟದ ಗೋಪುರ ಹತ್ತಿದರು. ಇಳಿದು ಬಂದವರು ನೇರವಾಗಿ ನನ್ನ ಕಿಟಕಿಗೆ ಬಂದು, “ನಿಮ್ಮ ಕರಪತ್ರದಲ್ಲಿ ಮೂರು ಮೆಟ್ಟಿಲು ಜಾಸ್ತಿ ಇದೆಯಮ್ಮ” ಎಂದರು. ನೂರ ಹನ್ನೆರಡು ಎಂದು ನಾನು ಬರೆದಿದ್ದೆ. ನೂರ ಒಂಬತ್ತಂತೆ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಎಣಿಸಿದರಂತೆ. ಯಾರೋ ಹೇಳಿದ್ದನ್ನು ಕೇಳಿ ಬರೆದದ್ದು ಎಂದು ಒಪ್ಪಿಕೊಂಡೆ. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿ ನಿವೃತ್ತಿಯಾದವರು ಎಂದು ಆಮೇಲೆ ತಿಳಿಯಿತು. ಅವತ್ತಿನಿಂದ ಕಟ್ಟೆಯ ಮೇಲೆ ಎಲ್ಲರ ಬಾಯಲ್ಲೂ ಅವರು ಅಳತೆ ತಾತ. ಅವರಿಗೂ ಗೊತ್ತಿತ್ತು, ಬೇಸರ ಮಾಡಿಕೊಳ್ಳಲಿಲ್ಲ.

ಎರಡನೆಯ ದಿನ ಜೊಂಡಿನ ನಡುವಿನ ಮರದ ದಾರಿ, ಹಕ್ಕಿ ನೋಡುವ ಗುಡಿಸಲು. ಮೂರನೆಯ ದಿನ, ಭಾನುವಾರ, ಬೆಳಿಗ್ಗೆ ಐಸ್ ಮನೆ. ಹಿಂದೆ ಮೀನಿಗೆ ಐಸ್ ತುಂಬಿಡುತ್ತಿದ್ದ ಕಟ್ಟಡ, ಈಗ ಬಲೆ, ಲಂಗರು ಇಟ್ಟು ಮ್ಯೂಸಿಯಂ ಮಾಡಿದ್ದಾರೆ. ಮಧ್ಯಾಹ್ನ ಮೂರರ ದೋಣಿಯಲ್ಲಿ ನಡುಗಡ್ಡೆಗೆ ಹೊರಟರು. ಅಲ್ಲಿರುವುದು ಹಳೆಯ ದೀಪಸ್ತಂಭ. ಕರಪತ್ರದಲ್ಲಿ ಐದನೆಯದು ಅದೇ.

ದೋಣಿಯ ನಿಯಮ ನಿಮಗೆ ಗೊತ್ತಿರಬೇಕು. ಇಳಿಯುವ ಬಾಗಿಲ ಪಕ್ಕ ಒಂದು ಹಲಗೆ, ಅದರಲ್ಲಿ ಇಪ್ಪತ್ತನಾಲ್ಕು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ನಡುಗಡ್ಡೆಯಲ್ಲಿ ಇಳಿಯುವವರು ತಲೆಗೊಂದು ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹಿಂದಿರುಗಿ ದೋಣಿ ಹತ್ತುವಾಗ ಮೊಳೆಗೆ ಹಾಕಬೇಕು. ಒಂದು ಮೊಳೆ ಖಾಲಿ ಇದ್ದರೂ ದೋಣಿ ಹೊರಡುವಂತಿಲ್ಲ. ಅವತ್ತು ಹಲಗೆ ತುಂಬಿತ್ತು ಎನ್ನುತ್ತಾರೆ ನಮ್ಮವರು. ತುಂಬಿದ ಹಲಗೆ ನೋಡಿ ಐದು ಗಂಟೆಗೆ ದೋಣಿ ಬಿಟ್ಟರು. ನಿಮ್ಮ ತಂದೆ ಅಲ್ಲೇ ಉಳಿದರು. ಕತ್ತಲಾದ ಮೇಲೆ ಮರಳ ದಿಣ್ಣೆಯ ಮೇಲೆ ನಡೆದು ದಡ ಸೇರಲು ನೋಡಿದ್ದಾರೆ. ದಿಣ್ಣೆ ನಡುವೆ ಕಡಿದುಹೋಗಿದೆ. ಅಲ್ಲಿ ಎರಡಾಳು ನೀರು.

ಅವತ್ತಿನಿಂದ ವಿಚಾರಣೆ ನಡೆಯುತ್ತಿದೆ. ಮಗುವಿಗೆ ಏಳು ತಿಂಗಳು, ಹಲ್ಲು ಬರುವ ಹೊತ್ತು. ಎದ್ದಿತು, ನಿಲ್ಲಿಸುತ್ತೇನೆ.

ಇತಿ,
ಟಿಕೆಟ್ ಕಿಟಕಿಯವಳು

•

ಮಾರ್ಚ್ ೧೭
ಬಸ್ ನಿಲ್ದಾಣ

ಟಿಕೆಟ್ ಕಿಟಕಿಯವರಿಗೆ,

ಹರಿದುಹಾಕಲಿಲ್ಲ. ಎರಡು ಸಲ ಓದಿದೆ. ಮೂರು ಮೆಟ್ಟಿಲಿನ ವಿಷಯಕ್ಕೆ ನಗು ಬಂತು, ಆಮೇಲೆ ಅದಕ್ಕೇ ಸಿಟ್ಟೂ ಬಂತು. ಅದೇ ನಮ್ಮಪ್ಪ. ಪರಲೋಕಕ್ಕೆ ಹೋದರೂ ಬಾಗಿಲಲ್ಲೇ ನಿಂತು ತಕ್ಕಡಿ ತಪಾಸಣೆ ಮಾಡುವವರು.

ನಾನು ಈ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುತ್ತೇನೆ. ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹದಿನಾಲ್ಕು ವರ್ಷದಿಂದ ಊರಿಗೆಲ್ಲ ಹೇಳುತ್ತಿದ್ದೇನೆ. ನಮ್ಮಪ್ಪ ಯಾವ ಬಸ್ಸು ಹತ್ತಿ ನಿಮ್ಮ ಕಡೆ ಬಂದರೆಂದು ಮಾತ್ರ ನನಗೆ ಗೊತ್ತಾಗಲಿಲ್ಲ. ಬಹುಶಃ ನನ್ನ ಬಾಯಿಂದಲೇ ಕೇಳಿಸಿಕೊಂಡು ಹತ್ತಿರಬೇಕು. ನಾವು ಮಾತು ಬಿಟ್ಟು ನಾಲ್ಕು ವರ್ಷ.

ಕಾರಣ ಹೇಳುತ್ತೇನೆ, ಹೇಗೂ ನೀವು ನನ್ನನ್ನು ನೋಡಿಲ್ಲ. ಅಮ್ಮ ಹೋಗುವ ಹಿಂದಿನ ದಿನ ನೋವು ತಡೆಯಲಾರದೆ ಹಾಸಿಗೆಯ ಚೌಕಟ್ಟು ಕಚ್ಚುತ್ತಿದ್ದಳು. ಇನ್ನೊಂದು ಚಮಚ ಔಷಧಿ ಕೊಡಿ ಎಂದೆ. ಅಪ್ಪ ಗಡಿಯಾರ ನೋಡಿ, “ಇನ್ನೂ ನಲವತ್ತು ನಿಮಿಷ ಇದೆ” ಎಂದರು. ನಲವತ್ತು ನಿಮಿಷ ಆದ ಮೇಲೆಯೇ ಕೊಟ್ಟರು. ಅಮ್ಮನನ್ನೂ ತೂಗಿದಿರಲ್ಲ ಎಂದು ಕೇಳಿ ಬಂದವಳು ಮತ್ತೆ ಹೋಗಲಿಲ್ಲ. ನನ್ನ ಮಗಳಿಗೆ ಈಗ ಮೂರು ವರ್ಷ. ಅಪ್ಪ ಅವಳ ಮುಖ ನೋಡಿಲ್ಲ.

ನಿಮ್ಮ ದೋಣಿಕಟ್ಟೆಯ ಮ್ಯಾನೇಜರಿಂದ ಕಾಗದ ಬಂದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದಾರೆ. ಕೊನೆಗೆ ಅರ್ಥ ಇಷ್ಟು: ನಿಮ್ಮ ತಂದೆ ಬಿಲ್ಲೆ ತೆಗೆದುಕೊಳ್ಳದೆ ಇಳಿದಿರಬೇಕು, ಅದಕ್ಕೇ ಹಲಗೆ ತುಂಬಿತ್ತು. ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ, ಅವರೇನು ಎದ್ದು ಬಂದು ಜವಾಬು ಕೊಡುತ್ತಾರೆಯೇ? ಅಂಗಡಿಯ ಕಲ್ಲಿನಲ್ಲಿ ಗುಲಗಂಜಿ ತೂಕ ಕಡಿಮೆ ಇದ್ದರೆ ಸ್ವಂತ ಭಾವಮೈದುನನಿಗೂ ದಂಡ ಹಾಕಿದ ಮನುಷ್ಯ, ನಿಯಮದ ಬಿಲ್ಲೆ ಬಿಟ್ಟು ಇಳಿಯುತ್ತಾರಂತೆ. ನಾನು ಆಕ್ಷೇಪಣೆ ಹಾಕಿದ್ದೇನೆ. ನಿಮ್ಮ ಯಜಮಾನರ ಮೇಲೆ ನನಗೆ ಹಗೆಯಿಲ್ಲ. ಅಪ್ಪ ನಿಯಮ ಮುರಿದರು ಎಂದು ಮಾತ್ರ ಯಾರೂ ಬರೆಯಕೂಡದು.

ಒಂದು ಪ್ರಶ್ನೆ. ಕೊನೆಯ ದಿನ ಅಪ್ಪ ಯಾರ ಹತ್ತಿರವಾದರೂ ಮಾತಾಡಿದರೇ? ಏನಾದರೂ ಅಂದರೇ?

ಇತಿ,
ಅವರ ಮಗಳು

•

ಏಪ್ರಿಲ್ ೨
ಟಿಕೆಟ್ ಕೋಣೆ

ಮೇಡಂ,

ಉತ್ತರ ತಡವಾಯಿತು. ಮಗುವಿಗೆ ಜ್ವರ ಎಂದು ಬರೆಯಬಹುದಿತ್ತು. ಜ್ವರ ಇರಲಿಲ್ಲ.

ನಿಮ್ಮ ತಂದೆ ಬಿಲ್ಲೆ ತೆಗೆದುಕೊಂಡಿದ್ದರು. ಇದನ್ನು ನಮ್ಮವರೇ ಹೇಳುತ್ತಿದ್ದಾರೆ. ಮ್ಯಾನೇಜರು ಎರಡು ಸಲ ಮನೆಗೆ ಬಂದು, “ತಗೊಂಡಿರಲಿಲ್ಲ ಅಂತ ಒಂದು ಮಾತು ಹೇಳಿಬಿಡಪ್ಪ, ಎಲ್ಲಾ ಮುಗಿಯುತ್ತೆ” ಎಂದರು. ಇವರು ಒಪ್ಪಲಿಲ್ಲ. ಕೈಯಾರೆ ಕೊಟ್ಟಿದ್ದೇನೆ, ಕೊಡುವಾಗ ತಾತ ಅದರ ಅಂಚು ಸವರಿ ನೋಡಿ, ಸವೆದಿದೆ ಎಂದರು, ಅದನ್ನು ಹೇಗೆ ಮರೆಯಲಿ ಎಂದರು. ಅಲ್ಲಿಗೆ ಮ್ಯಾನೇಜರು ಚಹಾ ಕುಡಿಯದೆ ಎದ್ದು ಹೋದರು.

ಆದ್ದರಿಂದ ಉಳಿದದ್ದು ಒಂದೇ. ತಾತ ಬಿಲ್ಲೆ ಒಯ್ದದ್ದು ನಿಜ, ತಾತ ಹಿಂದಿರುಗಿ ಬರಲಿಲ್ಲವೆನ್ನುವುದೂ ನಿಜ. ಹಾಗಾದರೆ ಒಂದು ಮೊಳೆ ಖಾಲಿ ಇತ್ತು, ಅದನ್ನು ಇವರು ಕಾಣಲಿಲ್ಲ. ಈ ಲೆಕ್ಕವನ್ನು ಬೇರೆ ಯಾರೂ ಹಾಕಿಕೊಡಲಿಲ್ಲ, ಇವರೇ ಹಾಕಿಕೊಂಡರು. ಹಲಗೆಯನ್ನೇ ನೋಡಿದರೆ ತಿಳಿಯುತ್ತಿತ್ತು ಎನ್ನುತ್ತೀರೇನೋ. ಅವತ್ತು ಹುಡುಕಲು ಹೋದವರೆಲ್ಲ ಬಿಲ್ಲೆ ತೆಗೆದುಕೊಂಡೇ ಇಳಿದರು, ಗಾಬರಿಯಲ್ಲಿ ಎಲ್ಲೆಲ್ಲೋ ಬೀಳಿಸಿದರು. ಈಗ ಹಲಗೆಯಲ್ಲಿ ಹದಿನಾರಿವೆ.

ಕಳೆದ ವಾರ ಇವರು ಒಬ್ಬರೇ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದರು. ಕಣ್ಣಿನಲ್ಲಿ ಏನೂ ದೋಷವಿಲ್ಲವೆಂದು ಡಾಕ್ಟರು ಹೇಳಿದರಂತೆ. ಇವರು ಬಿಡಲಿಲ್ಲ, ಏನಾದರೂ ಕೊಡಿ ಎಂದು ಕನ್ನಡಕ ಹಾಕಿಸಿಕೊಂಡು ಬಂದಿದ್ದಾರೆ. ಬರೀ ಗಾಜು. ನಮ್ಮ ಅತ್ತೆ, “ಮದುವೇಲಿ ಇದನ್ನ ಹಾಕ್ಕೊಂಡಿದ್ರೆ ಹುಡುಗಿ ಮನೆಯೋರು ಇನ್ನೂ ಸ್ವಲ್ಪ ಮರ್ಯಾದೆ ಕೊಡ್ತಿದ್ರು” ಎಂದು ತಮಾಷೆ ಮಾಡಿದರು. ಇವರೂ ನಕ್ಕರು. ಊಟಕ್ಕೆ ಕುಳಿತಾಗ ತಟ್ಟೆಯ ಅಂಚನ್ನು ಎರಡು ಸಲ ಮುಟ್ಟಿ ನೋಡುತ್ತಾರೆ.

ನೀವು ಕೇಳಿದ್ದಕ್ಕೆ ಬರುತ್ತೇನೆ. ಭಾನುವಾರ ಬೆಳಿಗ್ಗೆ ಐಸ್ ಮನೆಯಲ್ಲಿ ಕಾವಲಿನವನ ಜೊತೆ ಮಾತಾಡಿದರು. ಅಲ್ಲಿನ ದೊಡ್ಡ ಲಂಗರಿನ ಮುಂದೆ ‘ತೂಕ ಸುಮಾರು ಇನ್ನೂರು ಕಿಲೋ’ ಎಂಬ ಚೀಟಿ ಇದೆ. ಸುಮಾರು ಎಂದರೆ ಏನು, ತೂಗಿ ಬರೆಯಿರಿ ಎಂದರಂತೆ. ಆಮೇಲೆ ನನ್ನ ಕಿಟಕಿಯಲ್ಲಿ ಟಿಕೆಟ್ ಕೊಂಡರು. ಬಿಸಿಲಿದೆಯೇ ಎಂದರು, ಇದೆ ಎಂದೆ. ಗೊತ್ತಿರುವುದು ಇಷ್ಟು.

ಹೊರಗೆ ಎರಡು ಬಸ್ಸು ತುಂಬ ಜನ ಬಂದಿದ್ದಾರೆ. ದೋಣಿ ಯಾಕಿಲ್ಲ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ರಿಪೇರಿ ಎನ್ನುತ್ತೇನೆ.

ಇತಿ,
ಟಿಕೆಟ್ ಕಿಟಕಿಯವಳು

•

ಮೇ ೬
ಬಸ್ ನಿಲ್ದಾಣ

ತಂಗಿಗೆ,

ಇನ್ನು ನಿನ್ನನ್ನು ಟಿಕೆಟ್ ಕಿಟಕಿಯವರು, ನೀವು ಎಂದೆಲ್ಲ ಕರೆಯಲಾರೆ. ನೋಡಿಯಾಯಿತಲ್ಲ. ಇಪ್ಪತ್ತಾರು ವರ್ಷದವಳು ಅಂತ ಕಾಗದದಲ್ಲಿ ಗೊತ್ತಾಗಿರಲಿಲ್ಲ. ಕಣ್ಣ ಕೆಳಗಿನ ಕಪ್ಪು ನೋಡಿದರೆ ಈಗಲೂ ಗೊತ್ತಾಗುವುದಿಲ್ಲ. ಮಲಗಮ್ಮ ಸ್ವಲ್ಪ.

ಗೋಪುರ ಹತ್ತಿದೆ. ನೂರ ಒಂಬತ್ತೇ. ಮೇಲೆ ನಿಂತು ನೋಡಿದಾಗ ನಡುಗಡ್ಡೆ ಎಷ್ಟು ಹತ್ತಿರ ಕಾಣುತ್ತದೆ ಎಂದರೆ, ಅಪ್ಪ ನಡೆದೇ ಬರಬಹುದು ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ ಅನಿಸಿತು. ಐಸ್ ಮನೆಯ ಚೀಟಿಯನ್ನೂ ನೋಡಿದೆ. ‘ಸುಮಾರು’ ಇನ್ನೂ ಹಾಗೇ ಇದೆ.

ನೀನು ಚಹಾಕ್ಕೆ ಇಡುತ್ತೇನೆ ಎಂದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಆಗ ನಿನ್ನ ಗಂಡ ನನ್ನ ಮುಂದೆ ಬೆಂಚಿನ ಮೇಲೆ ಕೂರದೆ ನಿಂತೇ ಇದ್ದ. ನಾನೇ ಕೂರಪ್ಪ ಎಂದೆ. ಕೂತು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಿಮ್ಮಪ್ಪ ಏನೂ ತಪ್ಪು ಮಾಡಿಲ್ಲ ಅಕ್ಕಾ. ನನ್ನ ಕಣ್ಣಿಗೆ ಹಲಗೆ ತುಂಬಿದ ಹಾಗೇ ಕಾಣಿಸ್ತು. ಈಗಲೂ ಕಣ್ಣು ಮುಚ್ಚಿದ್ರೆ ತುಂಬಿದ ಹಾಗೇ ಕಾಣುತ್ತೆ. ಇನ್ನು ಮೇಲೆ ಆ ಕಣ್ಣು ನಂಬ್ಕೊಂಡು ಜನರನ್ನ ಹೇಗೆ ಕೂರಿಸಿಕೊಳ್ಳಲಿ?”

ನಾನು ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳು. ಒಂದೂ ನೆನಪಾಗಲಿಲ್ಲ. ಮೈಕಿನಲ್ಲಿ ದಿನಾ ಮಾತಾಡುವ ಬಾಯಿ, ಹೋಗಲಿ ಬಿಡಪ್ಪ ಎಂದಿತು. ಹೋಗಲಿ ಬಿಡು ಅನ್ನುವ ವಿಷಯವಲ್ಲ ಅದು, ನನಗೂ ಗೊತ್ತು.

ನಿನ್ನ ಪುಟ್ಟಿ ನನ್ನ ಸೊಂಟ ಏರಿ ಇಳಿಯಲೇ ಇಲ್ಲವಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನನ್ನ ಬಸ್ ಪಾಸಿನ ಮೂಲೆ ಜಗಿದು ಹಾಕಿದ್ದಾಳೆ, ಕಂಡಕ್ಟರು ನಕ್ಕ. ಮನೆಗೆ ಬಂದು ನನ್ನ ಮಗಳನ್ನು ಎತ್ತಿಕೊಂಡಾಗ ಒಂದು ಯೋಚನೆ ಬಂತು: ಅಪ್ಪ ಯಾವ ಮಗುವನ್ನೂ ಮುಟ್ಟಿದ್ದು ನಾನು ನೋಡಿಲ್ಲ. ನಾನು ಚಿಕ್ಕವಳಿದ್ದಾಗ ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ಕೂರಿಸಿ ತೂಕ ಬರೆದಿಡುತ್ತಿದ್ದರಂತೆ, ಅಮ್ಮ ಹೇಳುತ್ತಿದ್ದಳು. ಮುಟ್ಟಿದ್ದು ಅಷ್ಟೇ ಇರಬೇಕು.

ಇತಿ,
ಅಕ್ಕ

•

ಮೇ ೧೧
ಟಿಕೆಟ್ ಕೋಣೆ

ಅಕ್ಕಾ,

ಚಹಾಕ್ಕೆ ಇಟ್ಟದ್ದು ನಿಜ. ಒಲೆ ಹಚ್ಚಲು ಮರೆತಿದ್ದೆ. ತಣ್ಣಗಿನ ಪಾತ್ರೆಯ ಮುಂದೆ ನಿಂತು ಕುದಿಯುವುದನ್ನು ಕಾಯುತ್ತಿದ್ದೆ.

ನೀವು ಹೋದ ಮೇಲೆ ಇವರು ಬಹಳ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದರು. ಆಮೇಲೆ ಒಳಗೆ ಬಂದು, ಆ ಅಕ್ಕ ನನ್ನನ್ನು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು ಎಂದರು. ಮರುದಿನ ಹೋಗಿ ಅಧಿಕಾರಿಗಳಿಗೆ, ನನ್ನದೇ ತಪ್ಪು ಎಂದು ಬರೆದುಕೊಡುತ್ತೇನೆ ಎಂದು ಹೇಳಿ ಬಂದಿದ್ದಾರೆ. ಅವರು ಕಾಗದ ಸಿದ್ಧಪಡಿಸುತ್ತಾರಂತೆ. ಪರವಾನಗಿ ಶಾಶ್ವತವಾಗಿ ಹೋಗುತ್ತದೆ. ಆಮೇಲೆ ಕೋರ್ಟು, ಜೈಲೂ ಆಗಬಹುದು ಎಂದು ಮ್ಯಾನೇಜರು ಹೇಳಿದರು.

ಹದಿನೇಳು ವರ್ಷದವರಿದ್ದಾಗಿನಿಂದ ಇವರು ದೋಣಿಯಲ್ಲಿದ್ದಾರೆ. ಬೇರೆ ಏನು ಮಾಡುತ್ತೀಯ ಎಂದು ಅತ್ತೆ ಕೇಳಿದರು. ಮಗು ನೋಡಿಕೊಂಡು ಮನೆಯಲ್ಲಿರುತ್ತೇನೆ, ಇವಳು ಹೇಗೂ ಓದಿದವಳು, ದುಡಿಯಲಿ ಎಂದರು. ಆದರೆ ಮೊನ್ನೆಯಿಂದ ಮಗುವನ್ನು ಒಬ್ಬರೇ ಎತ್ತಿಕೊಳ್ಳಲು ಅಂಜುತ್ತಿದ್ದಾರೆ. ಮೆಟ್ಟಿಲು ಇಳಿಯುವಾಗ ನನ್ನ ಕೈಗೆ ಕೊಟ್ಟುಬಿಡುತ್ತಾರೆ. ಎಲ್ಲಿ ಏನು ಕಾಣದೆ ಹೋಗುತ್ತದೋ ಎನ್ನುತ್ತಾರೆ.

ನನಗೆ ಅಳು ಬರುವುದಿಲ್ಲ. ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಕೊಟ್ಟಾಗ ಸೊಂಟದ ಕೆಳಗೆ ನನ್ನದಲ್ಲ ಎನ್ನುವ ಹಾಗಾಗಿತ್ತು. ಈಗ ಅದು ಇನ್ನೂ ಮೇಲಕ್ಕೆ ಬಂದಿದೆ. ಕೆಲಸ ಎಲ್ಲ ಆಗುತ್ತದೆ. ಹಾಲೂಡಿಸುತ್ತೇನೆ, ಬಟ್ಟೆ ಒಗೆಯುತ್ತೇನೆ. ಕರಪತ್ರದ ಹೊಸ ಮುದ್ರಣಕ್ಕೆ ನೂರ ಒಂಬತ್ತು ಎಂದು ತಿದ್ದಿ ಕಳುಹಿಸಿದೆ.

ಇತಿ,
ನಿಮ್ಮ ತಂಗಿ

•

ಮೇ ೧೯
ಬಸ್ ನಿಲ್ದಾಣ

ತಂಗಿ,

ನೋಟೀಸು ಬಂತು. ಜೂನ್ ಆರು, ಬೆಳಿಗ್ಗೆ ಹತ್ತಕ್ಕೆ ನಿನ್ನ ಗಂಡ ಸಹಿ ಹಾಕುತ್ತಾನಂತೆ. ಅಪ್ಪ ಬಿಲ್ಲೆ ತೆಗೆದುಕೊಂಡಿದ್ದರು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ನಾನು ಕೇಳಿದ್ದು ಸಿಕ್ಕಿತು. ಸಿಕ್ಕಿದ ಮೇಲೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಒಂದು ಮಾತು ಹೇಳಲಾ? ಇಲ್ಲಿ ನನ್ನ ಕಿಟಕಿಗೆ ಬಂದು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರಲ್ಲಿ ಅರ್ಧ ಜನಕ್ಕೆ ಬಸ್ಸು ಬೇಕಾಗಿರುವುದಿಲ್ಲ. ಹೋಗಬೇಕೋ ಬೇಡವೋ ಎಂದು ಯಾರಾದರೂ ಹೇಳಲಿ ಅಂತ ಬಂದಿರುತ್ತಾರೆ. ಅಂಥವರ ಮುಖ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಅವತ್ತು ನಾನು ಹಲಗೆ ಎಂದಾಗಲೆಲ್ಲ ನೀನು ಮಗುವಿನ ಬಾಯಿ ಒರೆಸಿದೆ. ಬಾಯಿ ಒಣಗಿಯೇ ಇತ್ತು.

ನಾನು ಒತ್ತಾಯ ಮಾಡುವುದಿಲ್ಲ. ಕಾಗದ ಬೇಗ ಮುಟ್ಟಬೇಕೆಂದರೆ ಬೆಳಗಿನ ಮೊದಲ ಬಸ್ಸಿನ ಡ್ರೈವರ ಕೈಗೆ ಕೊಡು. ನನ್ನ ಹೆಸರು ಹೇಳಬೇಕಾಗಿಲ್ಲ, ಮೈಕಿನ ಅಕ್ಕ ಎಂದರೆ ಸಾಕು.

ಅಕ್ಕ

•

ಮೇ ೨೮

ಅಕ್ಕಾ,

ಪುಟ್ಟಿಗೆ ಕೆಳಗಿನ ಎರಡು ಹಲ್ಲು ಬಂದಿವೆ. ಇಲ್ಲಿ ಬಿಸಿಲು ಜೋರು. ಜೊಂಡಿನ ದಾರಿಯ ನಾಲ್ಕು ಹಲಗೆ ಬದಲಾಯಿಸಿದರು. ಬೇರೆ ವಿಶೇಷವಿಲ್ಲ.

ತಂಗಿ

•

ಜೂನ್ ೫
ಮನೆ

ಅಕ್ಕಾ,

ರಾತ್ರಿ ಎರಡೂ ನಲವತ್ತು. ಈ ಕಾಗದವನ್ನು ಐದೂ ಕಾಲರ ಬಸ್ಸಿಗೆ ಕೊಡುತ್ತೇನೆ. ಸಂಜೆಯ ಪಾಳಿಗೆ ನೀವು ಬರುವ ಹೊತ್ತಿಗೆ ನಿಮ್ಮ ಮೇಜಿನ ಮೇಲಿರುತ್ತದೆ. ನಾಳೆ ಹತ್ತಕ್ಕೆ ಸಹಿ.

ನಿಮ್ಮ ತಂದೆ ಯಾರ ಹತ್ತಿರವಾದರೂ ಮಾತಾಡಿದರೇ ಎಂದು ಕೇಳಿದ್ದಿರಿ. ನನ್ನ ಹತ್ತಿರ ಮಾತಾಡಿದರು.

ಆ ಭಾನುವಾರ ನಾನೂ ದೋಣಿಯಲ್ಲಿದ್ದೆ. ಬಾಗಿಲಲ್ಲಿ ನಿಂತು ಜನರನ್ನು ಇಳಿಸುವವನು ರಜೆ ಹಾಕಿದ್ದ, ಮನೆಯಲ್ಲಿ ಅತ್ತೆಗೆ ಮೈ ಸರಿಯಿರಲಿಲ್ಲ. ಟಿಕೆಟ್ ಕಿಟಕಿ ಮುಚ್ಚಿ ಮಗುವನ್ನೂ ಕಟ್ಟಿಕೊಂಡು ಹೋದೆ. ನಾಲ್ಕು ರಾತ್ರಿ ನಿದ್ದೆ ಇರಲಿಲ್ಲ. ಒಸಡಿನ ನೋವಿಗೆ ಪುಟ್ಟಿ ಬೆಳಗಿನಿಂದ ಒಂದೇ ಸಮ ಅಳುತ್ತಿತ್ತು. ಇವರು ಎಲ್ಲರಿಗೂ ಬಿಲ್ಲೆ ಕೊಟ್ಟು ಇಂಜಿನ್ ನೋಡಲು ಹಿಂದಕ್ಕೆ ಹೋದರು. ಎಲ್ಲರೂ ಇಳಿದು ಹೋದರು. ಕೊನೆಯವರು ನಿಮ್ಮ ತಂದೆ. ನಾನು ನಡುಗಡ್ಡೆಯ ದಡದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. ಅವರು ಮುಂದೆ ಹೋದವರು ಹಿಂದಿರುಗಿ ಬಂದರು. ಮಗುವಿನ ಮುಂದೆ ಬಗ್ಗಿ ನಿಂತರು, ಬಿಲ್ಲೆಯನ್ನು ಅಂಗಿಯ ತುದಿಯಲ್ಲಿ ಒರೆಸಿ ಅದರ ಕೈಗಿಟ್ಟರು. ಅದು ಬಾಯಿಗೆ ಹಾಕಿಕೊಂಡಿತು. ಅಳು ನಿಂತಿತು.

“ಇಟ್ಕೋ ಪುಟ್ಟಿ, ತಣ್ಣಗಿದೆ. ಇದು ಮೊಳೆಗೆ ಬರೋ ತನಕ ದೋಣಿ ಹೊರಡಲ್ಲ ಅಲ್ವಾ? ತಾತ ಬಂದು ಇಸ್ಕೊಳ್ಳುತ್ತೆ.”

ಆಮೇಲೆ ಒಂದು ಬೆರಳನ್ನು ಅದರ ಕೆನ್ನೆಗೆ ಇಟ್ಟರು. ಒಂದೇ ಬೆರಳು. ತುಸು ಹೊತ್ತು ಹಾಗೇ ಇಟ್ಟಿದ್ದರು. ಮುಟ್ಟಿದ್ದು ನೋಡಿಲ್ಲ ಎಂದು ನೀವು ಬರೆದಿದ್ದಿರಿ. ನಾನು ನೋಡಿದೆ. ಮೂರು ತಿಂಗಳಿನಿಂದ ನಿಮಗೆ ಸಲ್ಲಬೇಕಾದದ್ದನ್ನು ನಾನು ಇಟ್ಟುಕೊಂಡು ಕುಳಿತಿದ್ದೆ.

ನಾಲ್ಕೂವರೆಗೆ ಮಗು ಒದ್ದೆ ಮಾಡಿಕೊಂಡಿತು. ಬಟ್ಟೆ ಬದಲಾಯಿಸಲು ದೋಣಿ ಹತ್ತಿದೆ. ಆಗ ಅದರ ಬಾಯಲ್ಲಿ ಬಿಲ್ಲೆ ಸಿಕ್ಕಿತು. ಜೊಲ್ಲು ಒರೆಸಿ ಮೊಳೆಗೆ ಹಾಕಿದೆ. ತಾತನ ನೆನಪಾಗಿ ಹಾಕಿದ್ದಲ್ಲ, ಮರೆತು ಹಾಕಿದ್ದೂ ಅಲ್ಲ. ನೆಲಕ್ಕೆ ಬಿದ್ದ ಚಮಚ ತೊಳೆದು ಅದರ ಜಾಗದಲ್ಲಿ ಇಡುತ್ತೇವಲ್ಲ, ಹಾಗೆ. ಈ ಮನೆಗೆ ಬಂದ ಹೊಸತರಲ್ಲಿ ಇವರು ಕಲಿಸಿದ್ದು, ಬಿಲ್ಲೆ ಎಲ್ಲಿ ಕಂಡರೂ ಮೊಳೆಗೆ ಹಾಕು ಎಂದು. ಆಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೆ. ಅದು ನಿದ್ದೆ ಮಾಡಿತು, ನಾನೂ ಮಾಡಿದೆ. ನಾಲ್ಕು ರಾತ್ರಿಯಾದ ಮೇಲೆ ಮೊದಲ ನಿದ್ದೆ. ಇವರು ಮೂರು ಸಲ ಸೀಟಿ ಊದಿದರಂತೆ. ಗಾಳಿ ಈ ಕಡೆಗಿತ್ತು. ಕಣ್ಣು ಬಿಟ್ಟಾಗ ನಮ್ಮ ದಡದಲ್ಲಿದ್ದೆವು.

ನಿಮ್ಮ ತಂದೆ ಅವಸರ ಮಾಡಿರಲಿಕ್ಕಿಲ್ಲ. ಬಿಲ್ಲೆ ಹೊರಗಿದೆ, ದೋಣಿ ಕಾಯುತ್ತದೆ ಎಂದು ಗೊತ್ತಿತ್ತಲ್ಲ. ದೀಪಸ್ತಂಭದ ಸುತ್ತಳತೆ ತೆಗೆಯುತ್ತಿದ್ದರೇನೋ.

ಎಂಟು ಗಂಟೆಗೆ ಅವರು ಇಳಿದುಕೊಂಡಿದ್ದ ವಸತಿಗೃಹದವನು ಬಂದು, ತಾತ ಇನ್ನೂ ಬಂದಿಲ್ಲ ಎಂದ. ಆ ಕ್ಷಣಕ್ಕೇ ಎಲ್ಲ ನೆನಪಾಯಿತು. ಬಾಯಿ ತೆರೆದೆ. ಟಾರ್ಚು ಗೂಡಿನಲ್ಲಿದೆ ಎಂದೆ. ಇವರು ಟಾರ್ಚು ತೆಗೆದುಕೊಂಡು ಓಡಿದರು. ಅಲ್ಲಿಂದ ಈವರೆಗೆ ನನ್ನ ಬಾಯಿಂದ ಬರುವುದೆಲ್ಲ ಟಾರ್ಚು ಗೂಡಿನಲ್ಲಿದೆ ಎನ್ನುವಂಥ ಮಾತೇ.

ಹೇಳಲು ನೋಡಿಲ್ಲವೆಂದಲ್ಲ. ಊಟಕ್ಕೆ ಬಡಿಸಿ ಎದುರು ಕುಳಿತು, ಒಂದು ಮಾತು ಹೇಳಬೇಕಿತ್ತು ಎಂದೆ. ಇವರು, ಉಪ್ಪು ಸರಿಯಾಗಿದೆ ಬಿಡು ಎಂದರು. ಅಷ್ಟಕ್ಕೇ ನಿಂತೆ. ನಿಂತದ್ದು ಹೆದರಿಕೆಗೆ. ಜೈಲಿನ ಹೆದರಿಕೆಯಲ್ಲ. ಬಿಲ್ಲೆ ಇದ್ದದ್ದು ಪುಟ್ಟಿಯ ಬಾಯಲ್ಲಿ. ಇದು ಗೊತ್ತಾದ ಮೇಲೆ ಇವರು ಅದನ್ನು ನೋಡುವಾಗಲೆಲ್ಲ ಏನು ಕಾಣುತ್ತಾರೆ? ಅದು ದೊಡ್ಡದಾದ ಮೇಲೆ ಯಾರಾದರೂ ಅದಕ್ಕೆ ಹೇಳದೆ ಇರುತ್ತಾರೆಯೇ? ಹೀಗೆ ಯೋಚಿಸಿ ಯೋಚಿಸಿ ಮೂರು ತಿಂಗಳು ಕಳೆದೆ. ಅಷ್ಟರಲ್ಲಿ ಇವರು ತಮ್ಮ ಕಣ್ಣನ್ನೇ ಕಳೆದುಕೊಂಡರು. ನಿನ್ನೆ ಮಗು ತೆವಳುತ್ತಾ ಇವರ ಹತ್ತಿರ ಹೋಯಿತು. ಇವರು ಕಾಲು ಹಿಂದಕ್ಕೆಳೆದುಕೊಂಡು, ಇದನ್ನು ಎತ್ತಿಕೋ ಎಂದರು. ಆಮೇಲೆ ಹೊರಗೆ ಹೋಗಿ ಮುಖ ತೊಳೆದರು. ನಾನು ಉಳಿಸಿಕೊಳ್ಳಲು ನೋಡಿದ್ದು ಯಾವುದೋ ಅದೇ ಹೋಯಿತು.

ಈಗಲೇ ಎಬ್ಬಿಸಿ ಹೇಳಬಾರದೇ ಎಂದು ಕೇಳುತ್ತೀರಿ. ಎರಡು ಸಲ ಹೋಗಿ ಹಾಸಿಗೆಯ ಪಕ್ಕ ನಿಂತು ಬಂದೆ. ಕೈ ಏಳುತ್ತದೆ, ಬಾಯಿ ಏಳುವುದಿಲ್ಲ. ಈ ಕಾಗದವನ್ನೇ ತಲೆದಿಂಬಿನ ಮೇಲೆ ಇಡೋಣವೆಂದರೆ, ಅವರು ಎದ್ದು ಓದುವ ಮೊದಲು ನಾನೇ ತೆಗೆದುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ನಿಮಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಬಸ್ಸು ಹೋಗಿಬಿಟ್ಟಿರುತ್ತದೆ.

ನಿಮಗೆ ಎಷ್ಟು ಸಿಟ್ಟು ಬರಬೇಕೋ ಬರಲಿ. ನನ್ನ ಮುಖ ನೋಡದಿದ್ದರೂ ಸರಿ. ಅಧಿಕಾರಿಗಳಿಗೆ ಈ ಕಾಗದ ತೋರಿಸಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಒಂದು ಉಪಕಾರ ಮಾಡಿ. ಮನೆಯ ನಂಬರು ಮೇಲೆ ಬರೆದಿದ್ದೇನೆ. ಫೋನು ನಡುಮನೆಯಲ್ಲಿದೆ, ಇವರ ತಲೆಯ ಹತ್ತಿರ. ಇವರೇ ಎತ್ತುತ್ತಾರೆ. ನನ್ನನ್ನು ಕರೆಯಿರಿ ಎನ್ನಬೇಡಿ, ನಾನು ಮತ್ತೇನೋ ಹೇಳಿಬಿಡುತ್ತೇನೆ. ಇವರಿಗೇ ಹೇಳಿ. ನಿಮ್ಮ ತಂದೆಯ ವಿಷಯ ನಿಮ್ಮ ಬಾಯಿಂದ ಬಂದರೆ ನಂಬುತ್ತಾರೆ. ನಾನು ಬಾಗಿಲ ಹತ್ತಿರವೇ ನಿಂತಿರುತ್ತೇನೆ, ಓಡಿಹೋಗುವುದಿಲ್ಲ. ಇವರು ತಿರುಗಿ ನೋಡಿದರೆ ಹೌದು ಎನ್ನುತ್ತೇನೆ. ಅಷ್ಟು ಆಗುತ್ತದೆ ನನ್ನಿಂದ.

ನಾಳೆ ಎಂಟು ಗಂಟೆಯ ಬಸ್ಸಿಗೆ ಇವರು ಮನೆ ಬಿಡುತ್ತಾರೆ. ಬೆಳಿಗ್ಗೆ ಮಾಡುತ್ತೇನೆ ಎಂದುಕೊಳ್ಳಬೇಡಿ. ಬೆಳಕಾದರೆ ಅತ್ತೆ ಏಳುತ್ತಾರೆ, ಹಾಲಿನವನು ಬರುತ್ತಾನೆ, ನಾನು ಒಲೆ ಹಚ್ಚುತ್ತೇನೆ, ಮತ್ತೆ ಎಲ್ಲ ಸರಿಯಿರುವ ಹಾಗೇ ಕಾಣುತ್ತದೆ. ಪಾಳಿ ಮುಗಿದ ಮೇಲೆ ಎಷ್ಟು ಹೊತ್ತಾದರೂ ಸರಿ, ಹನ್ನೆರಡಾಗಲಿ, ಮೂರಾಗಲಿ. ಒಂದು ಸಲಕ್ಕೆ ಎತ್ತದಿದ್ದರೆ ಇಡಬೇಡಿ, ಮತ್ತೆ ಮಾಡಿ. ಎತ್ತುವವರೆಗೂ ಮಾಡಿ. ಕೈ ಮುಗಿಯುತ್ತೇನೆ ಅಕ್ಕಾ, ಬೆಳಗಾಗುವ ಮೊದಲು ಫೋನ್ ಮಾಡಿ.

ನಿಮ್ಮ ತಂಗಿ